ಸಾಬೂನು ಕೊಳೆ ತೆಗೆಯುವುದು ಹೇಗೆ?



ಈಗಷ್ಟೆ ಇಬ್ಬರು ಸದಸ್ಯೆಯರ ಕೈಗೆ ತೆಂಗಿನೆಣ್ಣೆ ಹಚ್ಚಿ, ಒಲೆಯ ಮಸಿ ಸವರಿದೆವು. ಒಬ್ಬರು ಬರೀ ನೀರಲ್ಲಿ ತೊಳೆದರು. ನೀರು ಜಾರಿಹೋಯ್ತು, ಮಸಿ ಹಾಗೇ ಉಳೀತು. ಇನ್ನೊಬ್ಬರು ಸಾಬೂನು ಹಾಕಿ ಉಜ್ಜಿದರು, ಕೈ ಸ್ವಚ್ಛವಾಯಿತು. ಯಾಕೆ ಹೀಗೆ?

ಎಣ್ಣೆ ನೀರಿನ ಜೊತೆ ಬೆರೆಯಲ್ಲ, ಇದು ನಮಗೆಲ್ಲ ಗೊತ್ತು. ಕೊಳೆ ಆ ಜಿಡ್ಡಿಗೆ ಅಂಟಿಕೊಂಡಿರುತ್ತದೆ. ಸಾಬೂನಿನ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು. ಅದಕ್ಕೆ ಒಂದು ತಲೆ, ಒಂದು ಉದ್ದ ಬಾಲ ಇದೆ ಅಂದುಕೊಳ್ಳಿ. ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ನಾವು ಉಜ್ಜಿದಾಗ ಬಾಲಗಳು ಜಿಡ್ಡಿನೊಳಗೆ ಚುಚ್ಚಿಕೊಳ್ಳುತ್ತವೆ, ತಲೆಗಳು ನೀರಿನ ಕಡೆಗೆ ಇರುತ್ತವೆ. ಜಿಡ್ಡು ಸಣ್ಣ ಸಣ್ಣ ಉಂಡೆಗಳಾಗಿ ಒಡೆಯುತ್ತದೆ. ನೀರು ಸುರಿದರೆ ಕೊಳೆ ಸಮೇತ ಹರಿದುಹೋಗುತ್ತದೆ. ಒಂದೇ ಕಣದಿಂದ ಆಗದ ಕೆಲಸ ಎಲ್ಲವೂ ಸುತ್ತುಗಟ್ಟಿ ನಿಂತಾಗ ಆಗುತ್ತದೆ, ನಮ್ಮ ಸಂಘದ ಹಾಗೆ!

ಅಜ್ಜಿಯಂದಿರು ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದುದು ದಡ್ಡತನವಲ್ಲ. ಬೂದಿಯ ಕ್ಷಾರ ಜಿಡ್ಡಿನ ಜೊತೆ ಸೇರಿ ಅಲ್ಲೇ ಸ್ವಲ್ಪ ಸಾಬೂನು ಆಗುತ್ತಿತ್ತು. ಸೀಗೆಕಾಯಿ, ಅಂಟುವಾಳದಲ್ಲೂ ಇಂಥದೇ ಗುಣವಿದೆ.

ಕೊಳವೆಬಾವಿಯ ಗಡಸು ನೀರಲ್ಲಿ ನೊರೆ ಬರಲ್ಲ ಅಂತ ನಾವು ಮತ್ತೆ ಮತ್ತೆ ಸಾಬೂನು ತಿಕ್ಕುತ್ತೇವೆ. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಶಿಯಂ ಸಾಬೂನನ್ನು ಹಿಡಿದು ಬಿಳಿ ಗಸಿ ಮಾಡಿಬಿಡುತ್ತವೆ. ದುಡ್ಡು ದಂಡ. ಮಳೆನೀರು ಹಿಡಿದಿಟ್ಟು ಬಟ್ಟೆ ಒಗೆದರೆ ಕಡಿಮೆ ಸಾಬೂನು ಸಾಕು.

ರೋಗಾಣುಗಳೂ ಕೈಯ ಜಿಡ್ಡಿಗೇ ಅಂಟಿಕೊಂಡಿರುತ್ತವೆ. 2020ರಲ್ಲಿ ಕೊರೊನಾ ಬಂದಾಗ ಕೈ ತೊಳೆಯಿರಿ ಎಂದು ಎಲ್ಲರೂ ಹೇಳಿದ್ದು ನೆನಪಿದೆಯಲ್ಲ? ಆ ವೈರಸ್ಸಿನ ಹೊರಪದರ ಕೊಬ್ಬಿನದು, ಸಾಬೂನು ಅದನ್ನು ಒಡೆಯುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಕನಿಷ್ಠ 20 ಸೆಕೆಂಡು, ಬೆರಳ ಸಂದಿ, ಉಗುರಿನ ಬುಡ ಬಿಡದೆ ಉಜ್ಜಬೇಕು.

ಹಿಂದೊಮ್ಮೆ ನಾನು ಭೇಟಿ ಕೊಟ್ಟ ಒಂದು ಮನೆಯಲ್ಲಿ ಮಗುವಿಗೆ ವಾಂತಿಭೇದಿ. ಮನೆಯಲ್ಲಿ ಸಾಬೂನು ಇತ್ತು, ಆದರೆ ನೆಂಟರು ಬಂದರೆ ಬೇಕು ಅಂತ ಎತ್ತಿಟ್ಟಿದ್ದರು. ಮಗು ಉಳಿಯಿತು. ಆಸ್ಪತ್ರೆಗೆಂದು ಮಾಡಿದ ಸಾಲ ತೀರಲು ವರ್ಷವೇ ಹಿಡಿಯಿತು. ಆ ತಾಯಿಯನ್ನು ನಾನು ದೂರುವುದಿಲ್ಲ, ಬಡತನ ಹಾಗೆ ಮಾಡಿಸುತ್ತದೆ.

ಆದ್ದರಿಂದ ಇವತ್ತೇ ಒಂದು ಸಾಬೂನನ್ನು ಎರಡು ತುಂಡು ಮಾಡಿ. ಒಂದನ್ನು ಶೌಚಾಲಯದ ಬಳಿ, ಇನ್ನೊಂದನ್ನು ಅಡುಗೆಮನೆಯ ಬಳಿ, ಹಳೇ ಬಲೆಚೀಲದಲ್ಲಿ ಹಾಕಿ ಮಕ್ಕಳ ಕೈಗೆ ಎಟುಕುವಂತೆ ತೂಗುಹಾಕಿ. ಶೌಚದ ನಂತರ, ಅಡುಗೆಗೆ ಮೊದಲು, ಮಗುವಿಗೆ ಉಣಿಸುವ ಮೊದಲು ತಪ್ಪದೆ ಕೈ ತೊಳೆಯೋಣ. ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಪುಸ್ತಕ ತೆರೆಯುವ ಮೊದಲು ಒಬ್ಬರನ್ನೊಬ್ಬರು ಕೇಳೋಣ: ನಿಮ್ಮ ಮನೆಯಲ್ಲಿ ಸಾಬೂನು ತೂಗುಹಾಕಿದ್ದೀರಾ?