ಬರೆದ ಡಿಸ್ಕ್ ಓದುವ ಡಿ.ವಿ.ಡಿ. ಪ್ಲೇಯರ್: ಆಯ್ಕೆ ಹೇಗೆ?



ಹಾಲು ಉತ್ಪಾದಕರ ಸಂಘದ ಕಚೇರಿಯಲ್ಲಿ, ರೈತ ಸಂಪರ್ಕ ಕೇಂದ್ರದ ಬೀರುವಿನಲ್ಲಿ, ಮಹಿಳಾ ಸಂಘದ ಟ್ರಂಕಿನಲ್ಲಿ ಇಂದಿಗೂ ಡಿ.ವಿ.ಡಿ.ಗಳು ಸಿಗುತ್ತವೆ. ಸಾಲು ನಾಟಿಯ ಪ್ರಾತ್ಯಕ್ಷಿಕೆ, ಎರೆಗೊಬ್ಬರದ ತೊಟ್ಟಿ ಕಟ್ಟುವ ವಿಧಾನ, ಊರಿನ ಬಯಲಾಟ, ಮಗಳ ಮದುವೆ, ಹೀಗೆ ನಾನಾ ಬಗೆ. ಅಂಗಡಿಯಿಂದ ತಂದ ಸಿನಿಮಾ ಡಿಸ್ಕ್ ಚೆನ್ನಾಗಿ ನಡೆಯುವ ಯಂತ್ರದಲ್ಲೇ ಇಂಥ ಡಿಸ್ಕ್ ಹಾಕಿದರೆ ‘ನೋ ಡಿಸ್ಕ್’ ಎಂದು ಬರುತ್ತದೆ. ಜನ ಸೇರಿಸಿ ಕೂರಿಸಿದ ಮೇಲೆ ಹೀಗಾದರೆ ಆ ಸಂಜೆಯೇ ಹಾಳು. ಮತ್ತೊಮ್ಮೆ ಕರೆದರೆ ಅರ್ಧ ಜನ ಬರುವುದಿಲ್ಲ.

ಕೃಷಿ ಚಿತ್ರಗಳಿಗೆ ಈ ತೊಂದರೆ ಹೆಚ್ಚು. ಸಾವಿರಾರು ಪ್ರತಿ ಬೇಕಾದಾಗ ಮಾತ್ರ ಕಾರ್ಖಾನೆಯಲ್ಲಿ ಡಿಸ್ಕ್ ಅಚ್ಚು ಹಾಕಿಸುವುದು ಲಾಭಕರ. ಹತ್ತಿಪ್ಪತ್ತು ಹಳ್ಳಿಗೆ ಬೇಕಾದದ್ದನ್ನು ಕಂಪ್ಯೂಟರಿನಲ್ಲೇ ಬರೆಯಬೇಕು. ರೂಢಿಯ ಮಾತಿನಲ್ಲಿ ‘ರೈಟ್ ಮಾಡಿಸುವುದು’. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಆರಂಭವಾದ ‘ಡಿಜಿಟಲ್ ಗ್ರೀನ್’ ಯೋಜನೆ ಕರ್ನಾಟಕದ ಹಳ್ಳಿಗಳಲ್ಲಿ ಪ್ರಯೋಗ ನಡೆಸಿದಾಗ, ಸ್ಥಳೀಯ ರೈತರೇ ಮಾಡಿ ತೋರಿಸಿದ ವಿಧಾನಗಳನ್ನು ಚಿತ್ರಿಸಿ ಟಿ.ವಿ. ಮತ್ತು ಡಿ.ವಿ.ಡಿ. ಪ್ಲೇಯರಿನ ಮೂಲಕ ಊರವರಿಗೆ ತೋರಿಸಲಾಗುತ್ತಿತ್ತು. ಬ್ಯಾಟರಿಯ ಸಣ್ಣ ಪ್ರೊಜೆಕ್ಟರುಗಳು ಬಂದದ್ದು ಆಮೇಲೆ. ಪರಿಚಯದ ರೈತ ತನ್ನ ಹೊಲದಲ್ಲೇ ನಿಂತು ಹೇಳಿದ ಮಾತಿಗೆ ಇರುವ ಬೆಲೆ ಬೇರೆ. ಆದರೆ ಅದು ಇರುವುದು ಬರೆದ ಡಿಸ್ಕಿನಲ್ಲಿ. ಯಂತ್ರ ಅದನ್ನು ಓದಬೇಕಷ್ಟೆ.

ಓದದಿರಲು ಕಾರಣವೇನು? ಅಚ್ಚಿನ ಡಿಸ್ಕಿನಲ್ಲಿ ಮಾಹಿತಿಯು ಪ್ಲಾಸ್ಟಿಕ್ಕಿನ ಮೇಲೆ ಒತ್ತಿದ ಅತಿ ಸಣ್ಣ ಕುಳಿಗಳ ರೂಪದಲ್ಲಿದ್ದು, ಮೇಲೆ ಲೋಹದ ಲೇಪನವಿರುತ್ತದೆ. ಬರೆಯುವ ಡಿಸ್ಕಿನಲ್ಲಿ ಕುಳಿಗಳಿಲ್ಲ. ಬಣ್ಣದ ಒಂದು ಪದರವಿದೆ. ಲೇಸರ್ ಕಿರಣ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಅಳಿಸಿ ಮತ್ತೆ ಬರೆಯಬಹುದಾದ ‘ಆರ್‌ಡಬ್ಲ್ಯು’ ಡಿಸ್ಕಿನಲ್ಲಿ ಬಣ್ಣಕ್ಕೆ ಬದಲಾಗಿ ಮಿಶ್ರಲೋಹದ ಪದರವಿರುತ್ತದೆ. ಒಂದೇ ಪದರದ ಅಚ್ಚಿನ ಡಿಸ್ಕ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 45ರಿಂದ 85 ಭಾಗವನ್ನು ಹಿಂದಿರುಗಿಸುತ್ತದೆ. ಆರ್‌ಡಬ್ಲ್ಯು ಹಿಂದಿರುಗಿಸುವುದು 18ರಿಂದ 30 ಭಾಗ ಮಾತ್ರ. ಒಮ್ಮೆ ಮಾತ್ರ ಬರೆಯುವ ‘ಆರ್’ ಡಿಸ್ಕ್ ಈ ವಿಷಯದಲ್ಲಿ ಅಚ್ಚಿನದಕ್ಕೆ ಹತ್ತಿರ. ಆದ್ದರಿಂದ ಊರೂರಿಗೆ ಕೊಂಡೊಯ್ಯುವ ಚಿತ್ರವನ್ನು ಆರ್ ಡಿಸ್ಕಿಗೇ ಬರೆಸಬೇಕು. ಆರ್‌ಡಬ್ಲ್ಯು ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆಂಬ ಉಳಿತಾಯ ಇಲ್ಲಿ ಬೇಡ.

ಆರ್ ಡಿಸ್ಕಿನಲ್ಲೂ ಮೈನಸ್, ಪ್ಲಸ್ ಎಂದು ಎರಡು ಜಾತಿ. ಮೈನಸ್ 1997ರಲ್ಲೂ ಪ್ಲಸ್ 2002ರಲ್ಲೂ ಮಾರುಕಟ್ಟೆಗೆ ಬಂದವು. ಎರಡು ಕಂಪನಿ ಗುಂಪುಗಳ ಪೈಪೋಟಿಯ ಫಲ ಇದು. ತೊಂದರೆಪಟ್ಟವರು ಮಾತ್ರ ಬಳಕೆದಾರರು. ಹಳೆಯ ಯಂತ್ರಗಳಿಗೆ ಸಾಮಾನ್ಯವಾಗಿ ಮೈನಸ್ ಒಗ್ಗುತ್ತದೆ. ಮುಂದೆ ಬಂದ ಯಂತ್ರಗಳು ಹೆಚ್ಚಾಗಿ ಎರಡನ್ನೂ ಓದುತ್ತವೆ. ಪ್ಲಸ್ ಡಿಸ್ಕ್ ಮಾತ್ರ ಸಿಕ್ಕಿದಲ್ಲಿ, ಬರೆಯುವವನ ಡ್ರೈವಿಗೆ ಆ ಸೌಲಭ್ಯವಿದ್ದರೆ, ಡಿಸ್ಕಿನೊಳಗಿನ ಜಾತಿಗುರುತನ್ನು ‘ಡಿ.ವಿ.ಡಿ. ರಾಮ್’ ಎಂದು ಬರೆಸಬಹುದು. ಆಗ ಹಳೆಯ ಯಂತ್ರ ಅದನ್ನು ಅಚ್ಚಿನ ಡಿಸ್ಕೆಂದೇ ತಿಳಿದು ಓದಲು ತೊಡಗುತ್ತದೆ.

ನೋಡಲು ಒಂದೇ ಅಳತೆಯ ಬರೆದ ಸಿ.ಡಿ.ಗಳ ಕಥೆ ಇನ್ನೊಂದು. ಡಿ.ವಿ.ಡಿ. ಓದುವ ಕಿರಣದ ತರಂಗ 650 ನ್ಯಾನೋಮೀಟರ್, ಸಿ.ಡಿ.ಯದು 780. ಬರೆದ ಸಿ.ಡಿ.ಯ ಬಣ್ಣ 650ರ ಕೆಂಪು ಕಿರಣವನ್ನು ಸಾಕಷ್ಟು ಹಿಂದಿರುಗಿಸುವುದಿಲ್ಲ. ಎರಡು ಲೇಸರ್ ಇಲ್ಲದ ಆರಂಭದ ಡಿ.ವಿ.ಡಿ. ಪ್ಲೇಯರುಗಳು ಇದರಿಂದಲೇ ಸೋಲುತ್ತಿದ್ದವು.

ಈಗ ಕೊಳ್ಳುವ ವಿಚಾರ. ಬಿತ್ತನೆಗೆ ಮುಂಚೆ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ಮೊಳಕೆ ನೋಡುವಂತೆ ಇಲ್ಲೂ ಪರೀಕ್ಷೆ ಮಾಡಬೇಕು. ಪೆಟ್ಟಿಗೆಯ ಮೇಲಿನ ಚಿಹ್ನೆಗಳು ಚೀಲದ ಮೇಲಿನ ಚೀಟಿ ಇದ್ದಂತೆ. ಅವಶ್ಯಕ, ಆದರೆ ಸಾಲದು. ಮೈನಸ್ ಒಂದು, ಪ್ಲಸ್ ಒಂದು, ಆರ್‌ಡಬ್ಲ್ಯು ಒಂದು, ಹೀಗೆ ಬಳಕೆಯಲ್ಲಿರುವ ಡಿಸ್ಕುಗಳನ್ನೇ ಅಂಗಡಿಗೆ ಒಯ್ಯಬೇಕು. ಅವು ಅಂಚಿನವರೆಗೂ ತುಂಬಿದವಾಗಿರಲಿ. ಡಿ.ವಿ.ಡಿ.ಯಲ್ಲಿ ಬರವಣಿಗೆ ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಕೈ ತಗಲುವುದೂ, ಡಿಸ್ಕ್ ಸೊಟ್ಟಗಾಗಿದ್ದರೆ ಅದು ಹೆಚ್ಚು ಕಾಣುವುದೂ ಹೊರ ಅಂಚಿನಲ್ಲೇ. ಮೊದಲ ಐದು ನಿಮಿಷ ನೋಡಿ ಹಣ ಕೊಟ್ಟು ಬಂದವರಿಗೆ ಚಿತ್ರದ ಕೊನೆಯಲ್ಲಿ ಯಂತ್ರ ತಡವರಿಸುವುದು ಮನೆಯಲ್ಲಿ ತಿಳಿಯುತ್ತದೆ. ಆದ್ದರಿಂದ ಕೊನೆಯ ಹತ್ತು ನಿಮಿಷ ತಪ್ಪದೆ ನೋಡಬೇಕು. ಮುಂದಕ್ಕೆ ಹಾರಿಸಿ, ಹಿಂದಕ್ಕೆ ತಂದು ನೋಡಬೇಕು. ಸಾಧ್ಯವಿದ್ದರೆ ಒಂದು ಗಂಟೆ ನಡೆಸಿ, ಬಿಸಿಯಾದ ಮೇಲೆ ಮತ್ತೊಮ್ಮೆ ಹಾಕಿ ನೋಡಬೇಕು. ಬಳಸಿದ ಯಂತ್ರ ಕೊಳ್ಳುವಾಗ ಇದು ಇನ್ನೂ ಅಗತ್ಯ: ಲೇಸರ್ ದುರ್ಬಲವಾದ ಯಂತ್ರ ಅಚ್ಚಿನ ಡಿಸ್ಕನ್ನು ಓದುತ್ತಲೇ ಇದ್ದು, ಬರೆದ ಡಿಸ್ಕಿನಲ್ಲಿ ಮೊದಲು ಸೋಲುತ್ತದೆ.

ಬೆಲೆ ಹೆಚ್ಚಿದೆ ಎಂದ ಮಾತ್ರಕ್ಕೆ ಬರೆದ ಡಿಸ್ಕ್ ಓದುತ್ತದೆಂಬ ಖಾತರಿ ಇಲ್ಲ. ‘ಎಲ್ಲಾ ದೇಶದ ಡಿಸ್ಕೂ ನಡೆಯುತ್ತದೆ’ ಎಂಬ ಅಂಗಡಿಯವನ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಅದು ಸಿನಿಮಾ ಡಿಸ್ಕಿನ ವಲಯ ಸಂಖ್ಯೆಯ ವಿಷಯ, ಭಾರತದ್ದು 5. ಮನೆಯಲ್ಲಿ ಬರೆದ ಡಿಸ್ಕಿಗೆ ಸಾಮಾನ್ಯವಾಗಿ ಆ ಕಟ್ಟುಪಾಡಿಲ್ಲ. ನೋಡಬೇಕಾದದ್ದು 100ರಿಂದ 240 ವೋಲ್ಟಿನವರೆಗೆ ನಡೆಯುವ ಯಂತ್ರವೇ ಎಂಬುದನ್ನು. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಹಳ್ಳಿಯ ವಿದ್ಯುತ್ತು ಎಷ್ಟಕ್ಕಿಳಿಯುತ್ತದೆಂದು ಹೇಳಬೇಕಾಗಿಲ್ಲ. ಪೆನ್‌ಡ್ರೈವ್ ಕಿಂಡಿ ಇದ್ದರೆ ಒಳ್ಳೆಯದು. ಹಳೆಯ ಟಿ.ವಿ.ಗೆ ಹಳದಿ, ಬಿಳಿ, ಕೆಂಪು ತಂತಿಯ ಜೋಡಣೆ, ಹೊಸದಕ್ಕೆ ಎಚ್.ಡಿ.ಎಂ.ಐ. ಜೋಡಣೆ ಬೇಕಾದೀತು.

ಎಷ್ಟೋ ಸಲ ದೋಷ ಯಂತ್ರದ್ದಲ್ಲ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಹಾಗೆಯೇ ಡಿಸ್ಕಿಗೆ ತುಂಬಿದರೆ ಹಳೆಯ ಪ್ಲೇಯರಿಗೆ ಅದು ಅರ್ಥವಾಗದು. ‘ಡಿ.ವಿ.ಡಿ. ವಿಡಿಯೋ’ ರೂಪಕ್ಕೆ ಪರಿವರ್ತಿಸಿ ಬರೆಯಿರಿ ಎಂದು ಸ್ಟುಡಿಯೋದವರಿಗೆ ಸ್ಪಷ್ಟವಾಗಿ ಹೇಳಬೇಕು. ಡಿ.ವಿ.ಡಿ. ರೆಕಾರ್ಡರಿನಲ್ಲಿ ಅಥವಾ ಡಿಸ್ಕ್ ಹಾಕುವ ಕ್ಯಾಮೆರಾದಲ್ಲಿ ಚಿತ್ರಿಸಿದ್ದಾದರೆ ‘ಫೈನಲೈಸ್’ ಮಾಡಿಸಲೇಬೇಕು. ಇಲ್ಲವಾದರೆ ಅದು ಬರೆದ ಯಂತ್ರದಲ್ಲಿ ನಡೆದರೂ ಬೇರೆಡೆ ನಡೆಯುವ ಭರವಸೆಯಿಲ್ಲ. 4.7 ಜಿ.ಬಿ. ಹಿಡಿಯುವ ಡಿಸ್ಕನ್ನು ಕಂಠಮಟ್ಟ ತುಂಬಿಸದೆ, ಅತಿ ವೇಗದಲ್ಲಿ ಬರೆಸದೆ ಇರುವುದು ಕ್ಷೇಮ. ಕಾಗದದ ಚೀಟಿ ಅಂಟಿಸಬಾರದು. ತಿರುಗುವಾಗ ತೂಕ ತಪ್ಪುತ್ತದೆ. ಬಾಲ್‌ಪೆನ್ನಿನಿಂದ ಒತ್ತಿ ಬರೆಯಲೂ ಬಾರದು. ಬಿಸಿಲಿಗೆ ಬಿಟ್ಟ ಡಿಸ್ಕಿನ ಬಣ್ಣದ ಪದರ ಕ್ರಮೇಣ ಕೆಡುತ್ತದೆ. ಒಕ್ಕಣೆಯ ಧೂಳು, ಅಡುಗೆಯ ಹೊಗೆ ಲೆನ್ಸಿಗೆ ಕೂರದಂತೆ ಯಂತ್ರಕ್ಕೆ ಬಟ್ಟೆ ಹೊದಿಸಬೇಕು. ನಡೆಯುವಾಗ ಮಾತ್ರ ತೆಗೆಯಬೇಕು, ಬಿಸಿ ಹೊರಹೋಗಬೇಕಲ್ಲ.

ಹೊಸ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವಕ್ಕೆ ಈಗ ಡಿಸ್ಕ್ ಡ್ರೈವೇ ಇಲ್ಲ. ಸಂಘದಲ್ಲಿ ಡ್ರೈವ್ ಇರುವ ಹಳೆಯ ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕುವ ಮುನ್ನ, ಬೇರೆಲ್ಲೂ ಪ್ರತಿ ಇಲ್ಲದ ಡಿಸ್ಕುಗಳನ್ನು ಆರಿಸಿ ಮೊದಲು ಅವನ್ನೇ ಪೆನ್‌ಡ್ರೈವಿಗೂ ಹಾರ್ಡ್‌ಡಿಸ್ಕಿಗೂ ನಕಲು ಮಾಡಿಕೊಳ್ಳಬೇಕು. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದುಂಟು; ಎರಡು ಮೂರು ಕಡೆ ಹಾಕಿ ನೋಡದೆ ಎಸೆಯಬಾರದು.