ಎಣ್ಣೆಬಾವಿಯೊಳಗಿನ ಗಾಜಿನ ಸರಳು

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ನನಗೆ ‘ಬದುಕಿನಲ್ಲಿ ಯಶಸ್ಸು’ ಎಂಬ ವಿಷಯ ಕೊಟ್ಟಿದ್ದರು. ಅದರ ಬಗ್ಗೆ ಮಾತಾಡುವ ವಯಸ್ಸು ನನಗಿನ್ನೂ ಆಗಿಲ್ಲ. ಹಾಗಾಗಿ ನಾನು ಮಾಡುವ ಕೆಲಸದ ಬಗ್ಗೆ, ಅದರಲ್ಲಿ ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ. ಊರಿಗೆ ಬಂದಾಗಲೆಲ್ಲ “ಸಾಫ್ಟ್‌ವೇರ್ ಅಂದರೆ ಎಂತ ಮಾಡುವುದು ಮಾರಾಯಾ?” ಎಂದು ಕೇಳುವವರಿಗೆ ಉತ್ತರವೂ ಆಯಿತು.

ನಾವು ಓದುವಾಗ ಶಾಲೆಯ ಅಂಗಳದಲ್ಲಿ ಬೋರ್‌ವೆಲ್ಲಿನ ಕೈಪಂಪು ಇತ್ತು. ಒಮ್ಮೆ ಅದು ಕೆಟ್ಟಾಗ ರಿಪೇರಿಯವರು ಒಳಗಿನ ಸರಳುಗಳನ್ನು ಒಂದೊಂದಾಗಿ ಮೇಲೆ ಎಳೆದರು. ನಮ್ಮ ವಿಜ್ಞಾನ ಮಾಸ್ಟ್ರು ಪಾಠ ನಿಲ್ಲಿಸಿ ಇಡೀ ತರಗತಿಯನ್ನು ಅಲ್ಲಿ ನಿಲ್ಲಿಸಿದರು. ಮೂರು ಮೀಟರಿನ ಹತ್ತು ಸರಳು. ಒಂದನ್ನು ನಮ್ಮ ಕೈಗೆ ಕೊಟ್ಟು ಎತ್ತಿಸಿ, “ಎರಡೂವರೆ ಕಿಲೋ ಮೇಲೆ ಉಂಟು, ಹತ್ತಕ್ಕೆ ಎಷ್ಟಾಯಿತು?” ಎಂದು ಕೇಳಿದರು. ಅಂದರೆ ಒಂದು ಕೊಡ ನೀರಿಗೆ ನಾವು ನೀರನ್ನು ಮಾತ್ರ ಎತ್ತುವುದಲ್ಲ, ಇಪ್ಪತ್ತೈದು ಕಿಲೋ ಕಬ್ಬಿಣವನ್ನೂ ಎತ್ತಿ ಇಳಿಸುತ್ತೇವೆ. ಪಂಪಿನ ಹಿಡಿ ಅಷ್ಟು ಭಾರ ಇರುವುದು ಅದಕ್ಕೇ. ಏತದ ಹಿಂದೆ ಕಲ್ಲು ಕಟ್ಟುತ್ತಿದ್ದ ಹಾಗೆ.

ಆಗ ರಾತ್ರಿ ಹೊತ್ತು ಎಂಆರ್‌ಪಿಎಲ್ ಚಿಮಿಣಿಯ ಬೆಂಕಿ ಕಾಣುತ್ತಿತ್ತು. ಎಣ್ಣೆ ಅಲ್ಲೇ ನೆಲದಿಂದ ಬರುತ್ತದೆ ಎಂದು ನಾನು ಏಳನೇ ತರಗತಿವರೆಗೂ ನಂಬಿದ್ದೆ. ಅದು ಪಣಂಬೂರಿನ ಬಂದರಿಗೆ ಹಡಗಿನಲ್ಲಿ ಬರುತ್ತದೆ; ಇಲ್ಲಿ ಶುದ್ಧವಾಗುವುದು ಮಾತ್ರ. ಬಾವಿಗಳಿರುವುದು ಬೇರೆ ಕಡೆ. 2003ರಿಂದ ಎಂಆರ್‌ಪಿಎಲ್ ಯಾರ ಕೈಯಲ್ಲಿದೆಯೋ ಆ ಓಎನ್‌ಜಿಸಿಗೆ ಗುಜರಾತಿನ ಮೆಹ್ಸಾಣಾದಲ್ಲಿ ಬಾವಿಗಳಿವೆ. ಹೊಲದ ನಡುವೆ ತಲೆಯಾಡಿಸುತ್ತಾ ನಿಂತ ಕಬ್ಬಿಣದ ಕುದುರೆಗಳನ್ನು ಮೊದಲ ಬಾರಿ ನೋಡಿದಾಗ ನನಗೆ ನಗು ಬಂತು. ಅದು ನಮ್ಮ ಅಂಗಳದ ಕೈಪಂಪೇ! ಅದೇ ಸರಳು, ಅದೇ ಸಿಲಿಂಡರು, ಅದೇ ಎರಡು ವಾಲ್ವು. ಕೈಯ ಬದಲಿಗೆ ಮೋಟಾರು, ಮೂವತ್ತು ಮೀಟರಿನ ಬದಲಿಗೆ ಸಾವಿರದೈನೂರು.

ಮಾಸ್ಟ್ರ ಲೆಕ್ಕವನ್ನು ಅಲ್ಲಿ ಹಾಕಿ ನೋಡಿ. 22 ಮಿಲಿಮೀಟರ್ ದಪ್ಪದ ಉಕ್ಕಿನ ಸರಳು ಮೀಟರಿಗೆ ಮೂರು ಕಿಲೋ. 1,500 ಮೀಟರಿಗೆ ನಾಲ್ಕೂವರೆ ಟನ್. ನಿಮಿಷಕ್ಕೆ ಎಂಟು ಸಲ ಎತ್ತಿ ಇಳಿಸಿದರೆ ವರ್ಷಕ್ಕೆ 42 ಲಕ್ಷ ಸಲ. ಕರೆಂಟೆಲ್ಲಾ ಎಣ್ಣೆಗೇ ಹೋಗುವುದಿಲ್ಲ, ಈ ಭಾರ ಹೊರುವ ದೊಡ್ಡ ಯಂತ್ರಕ್ಕೆ, ಉಜ್ಜಾಟಕ್ಕೂ ಹೋಗುತ್ತದೆ. ಮೇಲಿಂದ ಬಾವಿಯಲ್ಲಿ ಎಣ್ಣೆಯ ಜೊತೆ ಉಪ್ಪುನೀರೂ ಬರುತ್ತದೆ. ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆ ಎಂದು ಸುರತ್ಕಲ್‌ನವರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಯ ಕಿಟಕಿ ಸರಳುಗಳನ್ನು ನೋಡಿದರೆ ಸಾಕು.

ಇದಕ್ಕೆ ಕಂಡುಕೊಂಡ ಉಪಾಯ ಗಾಜಿನ ನಾರಿನ ಸರಳು. ಕೂದಲಿಗಿಂತ ಸಪುರ ಗಾಜಿನ ಎಳೆಗಳನ್ನು ಉದ್ದಕ್ಕೆ ಜೋಡಿಸಿ, ರಾಳದಲ್ಲಿ ಅದ್ದಿ, ಗಟ್ಟಿ ಮಾಡಿದ ಕೋಲು. ನಮ್ಮ ಮೀನುಗಾರರ ಫೈಬರ್ ದೋಣಿ ಯಾವುದರಿಂದ ಆಗಿದೆಯೋ ಅದರ ಬಳಗದ್ದೇ. ಉಕ್ಕಿನ ತೂಕದ ಕಾಲು ಭಾಗ ಚಿಲ್ಲರೆ, ತುಕ್ಕಿಲ್ಲ. ಅಮೆರಿಕದ ಪಶ್ಚಿಮ ಟೆಕ್ಸಾಸ್‌ನಲ್ಲಿ ಇದರ ಬಳಕೆ ಹಲವು ದಶಕಗಳದ್ದು. ಮೇಲಿನ ಸಾವಿರ ಮೀಟರ್ ಗಾಜಿನದ್ದು, ಕೆಳಗಿನ ಐನೂರು ಉಕ್ಕಿನದ್ದು ಹಾಕಿದರೆ ನಾಲ್ಕೂವರೆ ಟನ್ ಇದ್ದದ್ದು ಎರಡೂವರೆ ಟನ್ನಿನ ಆಸುಪಾಸಿಗೆ ಇಳಿಯುತ್ತದೆ.

ಕೆಳಗೆ ಉಕ್ಕು ಯಾಕೆ ಬೇಕು? ಗಾಜಿನ ಸರಳನ್ನು ಎಳೆದರೆ ತಡೆಯುತ್ತದೆ, ಒತ್ತಿದರೆ ಸಿಗಿದು ಹೋಗುತ್ತದೆ. ಇಳಿಯುವಾಗ ಅದು ಬಿಗಿಯಾಗಿಯೇ ಇರಬೇಕು. ಹಗ್ಗ ಬಿಗಿಯಾಗಿರಲು ತುದಿಯಲ್ಲಿ ಕೊಡಪಾನ ಇದ್ದ ಹಾಗೆ ಕೆಳಗಿನ ಉಕ್ಕು. ಇನ್ನೊಂದು ತೊಂದರೆ ಜೋಡಣೆಯದ್ದು. ಗಾಜಿಗೆ ತಿರುಪು ಕೊರೆಯಲು ಆಗುವುದಿಲ್ಲ, ತುದಿಗೆ ಉಕ್ಕಿನ ಟೊಪ್ಪಿಯನ್ನು ಅಂಟಿನಿಂದ ಕೂರಿಸುತ್ತಾರೆ. ಅಲ್ಲಿ ಸೋತರೆ ಇಡೀ ಸರಳು ಸೋತಂತೆ.

ಇನ್ನು ನನ್ನ ಕೆಲಸ. ಬೆಂಗಳೂರಿನಲ್ಲಿ ಕುಳಿತು ನಾವು ಬಾವಿಗಳ ಆರೋಗ್ಯ ನೋಡುವ ಸಾಫ್ಟ್‌ವೇರ್ ಬರೆಯುತ್ತೇವೆ. ಯಂತ್ರದ ತಲೆಯಲ್ಲಿ ಭಾರ ಅಳೆಯುವ ಉಪಕರಣ ಇರುತ್ತದೆ. ಒಂದೂವರೆ ಕಿಲೋಮೀಟರ್ ಕೆಳಗಿನ ಪಂಪು ಏನು ಮಾಡುತ್ತಿದೆ ಎಂದು ನೋಡಲು ಅಲ್ಲಿ ಕಣ್ಣಿಲ್ಲ. ಮೇಲಿನ ಭಾರ, ಮೇಲಿನ ಚಲನೆ ಎರಡನ್ನೇ ಇಟ್ಟುಕೊಂಡು ಕೆಳಗಿನದ್ದನ್ನು ಲೆಕ್ಕ ಹಾಕಬೇಕು. ಸರಳಿನೊಳಗೆ ಓಡಾಡುವ ಅಲೆಯ ಸಮೀಕರಣದಿಂದ ಇದನ್ನು ಮಾಡುವ ದಾರಿಯನ್ನು ಗಿಬ್ಸ್ ಎಂಬವರು 1960ರ ದಶಕದಲ್ಲಿ ತೋರಿಸಿಕೊಟ್ಟರು. ಇಂದಿಗೂ ಅದೇ ದಾರಿ.

ಪುತ್ತೂರು, ಸುಳ್ಯದ ಕಡೆ ಈಗ ಅಡಿಕೆ ಕೊಯ್ಯಲು ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ಅದನ್ನು ಹಿಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಕೈ ಇಲ್ಲಿ ಅಲುಗಿದರೆ ತುದಿ ಸ್ವಲ್ಪ ತಡೆದು, ಬೇರೆಯೇ ಅಳತೆಯಲ್ಲಿ ಅಲುಗುತ್ತದೆ. ಗಾಜಿನ ಸರಳೂ ಹಾಗೆಯೇ. ಕೆಳಗೆ ದ್ರವದ ಭಾರ ಎರಡೂಕಾಲು ಟನ್ ಇದ್ದರೆ, ಸಾವಿರ ಮೀಟರ್ ಉಕ್ಕು ಸುಮಾರು 30 ಸೆಂಟಿಮೀಟರ್ ಹಿಗ್ಗುತ್ತದೆ. ಅಷ್ಟೇ ದಪ್ಪದ ಗಾಜು ಒಂದೂಕಾಲು ಮೀಟರ್! ಯಂತ್ರ ಮೇಲೆ ಮೂರು ಮೀಟರ್ ಎತ್ತಿದರೂ ಕೆಳಗಿನ ಪಂಪು ಅಷ್ಟು ಏಳುತ್ತದೆ ಎಂದು ಹೇಳುವಂತಿಲ್ಲ.

ನಾನು ತಪ್ಪಿದ್ದು ಇಲ್ಲೇ. ಗಾಜಿನ ಸರಳುಗಳನ್ನು ಪಟ್ಟಿಗೆ ಸೇರಿಸುವಾಗ ಉಕ್ಕಿನ ಸಾಲನ್ನು ನಕಲು ಮಾಡಿ ತೂಕ ತಿದ್ದಿದೆ. ಎಲ್ಲರೂ ಹಗುರ, ಹಗುರ ಎಂದೇ ಹೇಳುತ್ತಿದ್ದರು. ನಾನೂ ಹಗುರ ಮಾಡಿದೆ. ಹಿಗ್ಗುವ ಗುಣದ ಅಂಕಿ, ಯಂಗ್ ಮಾಡ್ಯುಲಸ್, ಉಕ್ಕಿನದ್ದೇ ಉಳಿಯಿತು. ಪರದೆಯ ಮೇಲೆ ನೆಟ್ಟಗೆ ಬರಬೇಕಾದ ಚಿತ್ರ ವಾಲಿಕೊಂಡು ಬಂತು. ಬಾವಿಯ ಕೊಳವೆಯನ್ನು ಹಿಡಿದಿಡುವ ಆಂಕರ್ ಸಡಿಲವಾದರೂ ಚಿತ್ರ ಹಾಗೆಯೇ ವಾಲುತ್ತದೆ. ಸಾಫ್ಟ್‌ವೇರ್ “ಆಂಕರ್ ಬಿಟ್ಟಿದೆ” ಎಂದಿತು. ಅದನ್ನು ನಂಬಿ ಟೆಕ್ಸಾಸ್‌ನ ಒಂದು ಬಾವಿಯಲ್ಲಿ ಕ್ರೇನು ತರಿಸಿ ಇಡೀ ಕೊಳವೆ ಮೇಲೆತ್ತಿದರು. ಆಂಕರ್ ಭದ್ರವಾಗಿತ್ತು. ನಾವೆಲ್ಲ ಏನೋ ಅಪವಾದ ಎಂದುಕೊಂಡು ಸುಮ್ಮನಾದೆವು.

ಮುಂದಿನ ತಿಂಗಳು ಇನ್ನೊಂದು ಬಾವಿಗೂ ಅದೇ ಸೂಚನೆ ಹೋಯಿತು. ಕ್ರೇನು ಬರುವ ಹಿಂದಿನ ದಿನ ಅಲ್ಲಿನ ಆಪರೇಟರ್ ಫೋನ್ ಮಾಡಿದ. ಕಾಲೇಜು ಓದಿದವನಲ್ಲ, ಮೂವತ್ತು ವರ್ಷದಿಂದ ಬಾವಿಗಳ ಸುತ್ತ ತಿರುಗುವವನು. “ಈ ಬಾವಿಯ ಸರಳು ಗಾಜಿನದ್ದು ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತುಂಟಾ?” ಎಂದು ಕೇಳಿದ. ಗೊತ್ತಿದೆ ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ಸಂಶಯ ಬಂತು. ಪಟ್ಟಿ ತೆರೆದು ನೋಡಿದಾಗ ಬೆವರಿದೆ. ಕ್ರೇನು ನಿಲ್ಲಿಸಲು ನಾನು ಮಾಡಿದ ಆ ರಾತ್ರಿಯ ಫೋನಿನಲ್ಲಿ ನನ್ನ ಇಂಗ್ಲಿಷ್ ಎಲ್ಲಾ ತೊದಲಿತ್ತು. ಮೊದಲ ಬಾವಿಯ ಖರ್ಚಿನ ಲೆಕ್ಕ ನಮ್ಮ ಕಂಪೆನಿಗೆ ಬಂತು, ನನ್ನ ಹೆಸರೂ ಅದರ ಜೊತೆ ಹೋಯಿತು. ಕೆಲಸ ಉಳಿಯಿತು.

ಕಬ್ಬಿಣದ ಸರಳನ್ನು ಕೈಗೆ ಕೊಟ್ಟು ಲೆಕ್ಕ ಹೇಳಿಸಿದ ಮಾಸ್ಟ್ರ ಶಿಷ್ಯ ನಾನು. ಆದರೂ ಗಾಜಿನ ಸರಳನ್ನು ಒಮ್ಮೆಯೂ ಮುಟ್ಟದೆ ಅದರ ಬಗ್ಗೆ ಎರಡು ವರ್ಷ ಪ್ರೋಗ್ರಾಂ ಬರೆದಿದ್ದೆ. ಮರುತಿಂಗಳೇ ಒಂದು ತುಂಡು ತರಿಸಿಕೊಂಡೆ. ಇವತ್ತು ಅದನ್ನು ತಂದಿದ್ದೇನೆ, ಪ್ರಯೋಗಾಲಯಕ್ಕೆ ಕೊಡುತ್ತೇನೆ. ಮಕ್ಕಳೇ, ಸಭೆ ಮುಗಿದ ಮೇಲೆ ಬಂದು ಎತ್ತಿ ನೋಡಿ. ಪಕ್ಕದಲ್ಲೇ ಅಷ್ಟೇ ಉದ್ದದ, ಅಷ್ಟೇ ದಪ್ಪದ ಉಕ್ಕಿನದ್ದೂ ಇಟ್ಟಿದ್ದೇನೆ. ಗಾಜಿನದ್ದರ ಕಡಿದ ತುದಿಗೆ ಮಾತ್ರ ಕೈ ಉಜ್ಜಬೇಡಿ, ಸಿಬಿರು ಚುಚ್ಚುತ್ತದೆ.

ಆ ಆಪರೇಟರ್ ಈಗಲೂ ಹೊಸ ಬಾವಿ ಸೇರಿಸುವಾಗ ನನಗೇ ಫೋನ್ ಮಾಡುತ್ತಾನೆ. ಹಲೋ ಎನ್ನುವ ಮೊದಲೇ ಕೇಳುತ್ತಾನೆ: “ಗಾಜಾ, ಉಕ್ಕಾ?”

ಊಟಕ್ಕೆ ಹೊತ್ತಾಯಿತು.