ಎಂಜಿನಿಯರ್ ಹೆಸರು ಕೆತ್ತಿದ ಗುಡಿ

ದಸರಾ ರಜೆ ಹತ್ತಿರ ಬಂತು. ಎಲ್ಲಿಗೆ ಹೋಗೋದು ಅಂತ ಮನೆಮನೆಯಲ್ಲೂ ಚರ್ಚೆ ಶುರುವಾಗಿದೆ. ಊಟಿ ಅಂತ ಅಪ್ಪ, ಗೋವಾ ಅಂತ ಮಗ. ನಾನು ಇವತ್ತು ಬಾಗಲಕೋಟೆ ಜಿಲ್ಲೆಯ ಮೂರು ಊರುಗಳ ಪರವಾಗಿ ವಕಾಲತ್ತು ಹಾಕ್ತೀನಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ.

ಎಂಜಿನಿಯರಿಂಗ್ ಓದುವಾಗ ಕಾಲೇಜ್ ಟೂರ್‌ನಲ್ಲಿ ನಾನು ಮೊದಲ ಸಲ ಅಲ್ಲಿಗೆ ಹೋಗಿದ್ದು. ಹಂಪಿ ನೋಡಿಕೊಂಡು ವಿಜಯಪುರಕ್ಕೆ ಹೊರಟಿದ್ವಿ, ದಾರಿಯಲ್ಲಿ ಪಟ್ಟದಕಲ್ಲಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಅದರಲ್ಲಿ ಅರ್ಧ ಗಂಟೆ ಎಳನೀರಿಗೆ ಹೋಯ್ತು, ಉಳಿದದ್ದು ಗ್ರೂಪ್ ಫೋಟೋಗೆ. ಬಸ್ಸಿನ ಹಾರ್ನ್ ಆಯ್ತು, ಬಂದ್ಬಿಟ್ವಿ. 1987ರಲ್ಲೇ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಸ್ವಾಮಿ ಅದು!

ಎರಡನೇ ಸಲ ಹೋದಾಗ ನಾನು ವರದಿಗಾರ. ವಿರೂಪಾಕ್ಷ ಗುಡಿಯ ಪೂರ್ವದ ಬಾಗಿಲ ಹತ್ತಿರ ವಯಸ್ಸಾದ ಗೈಡ್ ಒಬ್ಬರು, "ಸರ್, ನೀವು ಎಂಜಿನಿಯರಿಂಗ್ ಓದಿದೋರು ಅಂದ್ರಲ್ಲ, ಬರ್ರಿ ಇಲ್ಲೆ, ನಿಮ್ಮೋರ ಹೆಸರೈತಿ ನೋಡ್ರಿ" ಅಂದರು. ಕಲ್ಲಿನ ಮೇಲೆ ಹಳಗನ್ನಡದ ಶಾಸನ. ಎಂಟನೇ ಶತಮಾನದ್ದು. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ. ಆ ನೆನಪಿಗೆ ರಾಣಿ ಲೋಕಮಹಾದೇವಿ ಈ ಗುಡಿ ಕಟ್ಟಿಸಿದಳು. ಕಟ್ಟಿದವನು ಗುಂಡ ಅನಿವಾರಿತಾಚಾರಿ, ಅವನಿಗೆ ಸಿಕ್ಕ ಬಿರುದು ತ್ರಿಭುವನಾಚಾರಿ. ಇನ್ನೊಬ್ಬ ಸೂತ್ರಧಾರಿ ಸರ್ವಸಿದ್ಧಿ ಆಚಾರಿ. ಅವನ ಬಗ್ಗೆ ಬರೆದಿರೋದಂತೂ ಇವತ್ತಿನ ಬಯೋಡೇಟಾ ಇದ್ದ ಹಾಗಿದೆ: ಮನೆ, ಅರಮನೆ, ವಾಹನ, ಆಸನ, ಮಂಚ, ರತ್ನದ ಕಿರೀಟ, ಎಲ್ಲದರಲ್ಲೂ ಪಳಗಿದ ಕೈ.

ನಾನು ಅಲ್ಲೇ ನಿಂತುಬಿಟ್ಟೆ. ದಿನಾ ಆಫೀಸಿಗೆ ಹೋಗುವಾಗ ಹತ್ತೋ ಫ್ಲೈಓವರ್ ಡಿಸೈನ್ ಮಾಡಿದ್ದು ಯಾರು ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಾ? ಉದ್ಘಾಟನೆ ಮಾಡಿದವರ ಹೆಸರು ಮಾತ್ರ ಅಮೃತಶಿಲೆಯ ಮೇಲಿರುತ್ತೆ. ಅಲ್ಲಿ ಒಬ್ಬ ರಾಣಿ, ಯುದ್ಧ ಗೆದ್ದ ಗಂಡನ ಹೆಸರಿನ ಜೊತೆಗೆ, ಉಳಿ ಹಿಡಿದವನ ಹೆಸರಿಗೂ ಜಾಗ ಕೊಟ್ಟಿದ್ದಾಳೆ.

ಇನ್ನೊಂದು ವಿಷಯ. ಗೆದ್ದ ಕಂಚಿಯನ್ನು ವಿಕ್ರಮಾದಿತ್ಯ ಲೂಟಿ ಮಾಡಲಿಲ್ಲ. ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟೆ ಅಂತ ಅದೇ ದೇವಾಲಯದಲ್ಲಿ ಕನ್ನಡದಲ್ಲಿ ಬರೆಸಿದ. ಸಂಪತ್ತು ತರಲಿಲ್ಲ, ಶೈಲಿ ತಂದ. ಪಟ್ಟದಕಲ್ಲಿನ ವಿರೂಪಾಕ್ಷದಲ್ಲಿ ಕಂಚಿಯ ಕೈಲಾಸನಾಥನ ಛಾಯೆ ಇದೆ, ಎಲ್ಲೋರಾದ ಕೈಲಾಸದಲ್ಲಿ ಪಟ್ಟದಕಲ್ಲಿನ ಛಾಯೆ ಇದೆ ಅಂತಾರೆ ವಿದ್ವಾಂಸರು. ಅದೇ ಆವರಣದಲ್ಲಿ ಸ್ವಲ್ಪ ತಿರುಗಿ ನೋಡಿ. ಉತ್ತರದ ನಾಗರ ಶೈಲಿಯ ಶಿಖರ, ಪಕ್ಕದಲ್ಲೇ ದಕ್ಷಿಣದ ದ್ರಾವಿಡ ವಿಮಾನ. ಕಾಶಿ ವಿಶ್ವನಾಥ ಒಂದು ಥರ, ಸಂಗಮೇಶ್ವರ ಇನ್ನೊಂದು ಥರ. ನಮ್ಮ ಲ್ಯಾಬ್‌ನಲ್ಲಿ ಬೇರೆ ಬೇರೆ ಮಾಡೆಲ್ ಇಟ್ಟ ಹಾಗೆ.

ಐಹೊಳೆಯಲ್ಲಿ ಈ ಪ್ರಯೋಗ ಇನ್ನೂ ಹಳೆಯದು. ಅಲ್ಲಿನ ದುರ್ಗಾ ಗುಡಿ ದುರ್ಗಾದೇವಿಯದಲ್ಲ, ದುರ್ಗದ ಅಂದ್ರೆ ಕೋಟೆಯ ಪಕ್ಕದ ಗುಡಿ. ಲಾಡ್ ಖಾನ್ ಗುಡಿ ಅನ್ನೋದು ಒಳಗೆ ವಾಸವಿದ್ದವನ ಹೆಸರು. ಮೇಲೆ ಗುಡ್ಡದ ಮೇಲಿರುವ ಮೇಗುಟಿಯಲ್ಲಿ ಕ್ರಿ.ಶ. 634ರ ಶಾಸನವಿದೆ. ಬರೆದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯ ಸಾಲಿನಲ್ಲಿ ಇಟ್ಟುಕೊಂಡಿದ್ದಾನೆ. ಸಂಕೋಚದ ಮನುಷ್ಯ ಅಲ್ಲ ಬಿಡಿ.

ಈಗ ನನ್ನದೇ ಒಂದು ತಪ್ಪು ಹೇಳ್ತೀನಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ನೀರು ನುಗ್ಗಿತ್ತು. ನಾವೆಲ್ಲ ಓಡಿದ್ವಿ. ನೀರಲ್ಲಿ ನಿಂತ ಗೋಪುರ, ಸ್ಕ್ರೀನ್ ಮೇಲೆ ಅದ್ಭುತವಾಗಿ ಕಾಣ್ತಿತ್ತು. ನಾನು ಮೈಕ್ ಹಿಡಿದು, "ಗುಡಿಗೆ ಏನಾದ್ರೂ ಧಕ್ಕೆ ಆಗಿದೆಯಾ?" ಅಂತ ಸಿಕ್ಕಸಿಕ್ಕವರನ್ನೆಲ್ಲ ಕೇಳ್ತಾ ಇದ್ದೆ. ತಲೆ ಮೇಲೆ ಸೆರಗು ಹೊದ್ದ ಒಬ್ಬ ತಾಯಿ ಹೇಳಿದ್ರು: "ಗುಡಿಗೇನಾಗತೈತೋ ಯಪ್ಪಾ, ಸಾವಿರ ವರ್ಷದಿಂದ ನಿಂತೈತಿ. ನಮ್ಮ ಮನಿ ಗ್ವಾಡಿ ಬಿದ್ದೈತಿ, ಅದನ್ನೊಂದೀಟು ತೋರಸು."

ತೋರಿಸಿದೆ. ಇಪ್ಪತ್ತು ಸೆಕೆಂಡ್. ಮತ್ತೆ ಗೋಪುರ.

ಈ ಊರುಗಳಲ್ಲಿ ಗುಡಿಗೆ ಅಂಟಿಕೊಂಡೇ ಮನೆಗಳಿವೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ ಅನ್ನುತ್ತೆ ಕಾನೂನು. ಹಳೇ ಮನೆ ರಿಪೇರಿಗೂ ಅನುಮತಿ ಬೇಕು. ಅದಾಚೆ ಇನ್ನೂ 200 ಮೀಟರ್ ನಿಯಂತ್ರಣ. ಸ್ಮಾರಕ ಉಳೀಬೇಕು ಅಂದ್ರೆ ಈ ಕಾನೂನು ಬೇಕು, ನಾನು ಅದರ ವಿರೋಧಿ ಅಲ್ಲ. ಆದ್ರೆ ಮಗನ ಮದುವೆಗೆ ಒಂದು ಕೋಣೆ ಕಟ್ಟೋಕಾಗದೆ ಕೂತವರಿಗೆ ಊರು ಸ್ಥಳಾಂತರ ಮಾಡ್ತೀವಿ ಅಂತ ದಶಕಗಳಿಂದ ಹೇಳ್ತಾನೇ ಇದ್ರೆ ಹೇಗೆ? ಮಾಡೋದಾದ್ರೆ ಜಾಗ, ಮನೆ, ನೀರು ಕೊಟ್ಟು ಮಾಡಿ. ಮಾಡಲ್ಲ ಅಂದ್ರೆ ಹಾಗಂತ ಬಾಯಿಬಿಟ್ಟು ಹೇಳಿ.

ಹೋಗೋರಿಗೆ ಒಂದೆರಡು ಮಾತು. ಬಾದಾಮಿಗೆ ರೈಲಿದೆ. ಎರಡು ರಾತ್ರಿ ಅಲ್ಲೇ ಉಳಿಯಿರಿ. ಹೋಟೆಲ್, ಊಟ, ಆಟೋ ಅಂತ ನಿಮ್ಮ ದುಡ್ಡು ಆ ಊರಿಗೇ ಸೇರ್ಲಿ. ಬೆಳಗ್ಗೆ ಗುಹೆ ಹತ್ತಿ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ. ಸಂಜೆ ಅಗಸ್ತ್ಯ ತೀರ್ಥದ ದಡದ ಭೂತನಾಥ ಗುಡಿ ಹತ್ತಿರ ಕೂತು ಕೆಂಪು ಬಂಡೆ ನೋಡಿ, ಫೋನ್ ಜೇಬಲ್ಲಿರಲಿ. ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರ ಹತ್ತಿರ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಸಿಗುತ್ತೆ. ಚೌಕಾಸಿ ಮಾಡಬೇಡಿ.

ಪಟ್ಟದಕಲ್ಲಿಗೆ ಹೋದಾಗ ಪೂರ್ವದ ಬಾಗಿಲಲ್ಲಿ ಗುಂಡನ ಹೆಸರು ಹುಡುಕಿ. ಸಿಗಲಿಲ್ಲ ಅಂದ್ರೆ ಗೈಡ್‌ನ ಕೇಳಿ, ಅವರು ಬೆರಳಿಟ್ಟು ತೋರಿಸ್ತಾರೆ.